ಕವರಿನ ಹಿಂದೆ ಯಾರ ಹೆಸರಿದೆ?

‘ವರ್ಲ್ಡ್ ಮ್ಯೂಸಿಕ್’ ಅನ್ನೋ ಹೆಸರು ರೆಕಾರ್ಡ್ ಅಂಗಡಿಗಳಿಗೆ ಬಂದದ್ದು ಒಂದು ಪಬ್ಬಿನಿಂದ. 1987ರ ಜೂನ್ ತಿಂಗಳ ಒಂದು ಸಂಜೆ, ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿದ್ದ ‘ಎಂಪ್ರೆಸ್ ಆಫ್ ರಷ್ಯಾ’ ಎಂಬ ಪಬ್ಬಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿದ್ದರು. ಜೊತೆಗೆ ಒಂದಿಷ್ಟು ರೇಡಿಯೋದವರು, ಪತ್ರಿಕೆಯವರು. ಅವರ ಕಷ್ಟ ಬಹಳ ಸರಳ. ಆಫ್ರಿಕಾದ ಗಾಯಕನ ರೆಕಾರ್ಡು, ಬಲ್ಗೇರಿಯಾದ ಹೆಂಗಸರ ಮೇಳದ ರೆಕಾರ್ಡು, ಪಾಕಿಸ್ತಾನದ ಕವ್ವಾಲಿ ರೆಕಾರ್ಡು ತಂದುಕೊಟ್ಟರೆ ಅಂಗಡಿಯವನಿಗೆ ಯಾವ ಗೂಡಿನಲ್ಲಿ ಇಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಗೂಡಿಲ್ಲದ ಮಾಲು ಮಾರಾಟ ಆಗೋದಿಲ್ಲ. ಹಾಗಾಗಿ ಎಲ್ಲರೂ ಸೇರಿ ಒಂದು ಗೂಡು ಮಾಡಿ, ಅದಕ್ಕೊಂದು ಬೋರ್ಡು ಬರೆಸಿದರು. ನೆನಪಿಡಿ, ಅದು ಸಂಗೀತದ ಹೆಸರಲ್ಲ, ಗೂಡಿನ ಹೆಸರು.

ಅದೇ ಎರಡು ಪದಗಳನ್ನ ಅದಕ್ಕೂ ಇಪ್ಪತ್ತು ವರ್ಷಕ್ಕೂ ಹಿಂದೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ರೌನ್ ಎಂಬ ಮೇಷ್ಟ್ರು ಬಳಸಿದ್ದರು. ಈ ಬ್ರೌನ್ ಯಾರು ಅಂತೀರಾ? ಮೃದಂಗದ ವಿದ್ಯಾರ್ಥಿ. ಅವರ ಡಾಕ್ಟರೇಟ್ ಪ್ರಬಂಧವೇ ದಕ್ಷಿಣ ಭಾರತದ ಮೃದಂಗದ ಮೇಲೆ. ಅಂದ್ರೆ ಈ ‘ವರ್ಲ್ಡ್ ಮ್ಯೂಸಿಕ್’ ಅನ್ನೋ ಮಾತಿನ ಹಿಂದೆ ಶುರುವಿನಿಂದಲೂ ನಮ್ಮ ಕಡೆಯ ಒಂದು ಚರ್ಮವಾದ್ಯ ಕೂತಿತ್ತು. ಅದು ಎಷ್ಟು ಜನಕ್ಕೆ ಗೊತ್ತು ಅನ್ನೋದು ಬೇರೆ ಮಾತು.

ನಾನು ಬೆಳೆದದ್ದು ಸಿದ್ದಾಪುರ ತಾಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ, ಓದಿದ್ದು ಶಿರಸಿಯಲ್ಲಿ. ರಾಕ್ ಸಂಗೀತ ಸಿಕ್ಕಿದ್ದು ಮಾತ್ರ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ, ರೂಮಿನಿಂದ ರೂಮಿಗೆ ದಾಟುತ್ತಿದ್ದ ಒಂದು ಹಾರ್ಡ್ ಡಿಸ್ಕ್‌ನಿಂದ. ಅದರಲ್ಲಿ ಪಿಂಕ್ ಫ್ಲಾಯ್ಡ್‌ಗೆ, ಲೆಡ್ ಜೆಪ್ಪೆಲಿನ್‌ಗೆ, ಡೀಪ್ ಪರ್ಪಲ್‌ಗೆ ನೀಟಾದ ಫೋಲ್ಡರುಗಳಿದ್ದವು. ಉಳಿದದ್ದೆಲ್ಲ ಕಂಪ್ಯೂಟರೇ ಹೆಸರಿಟ್ಟ ಒಂದು ಫೋಲ್ಡರಿನಲ್ಲಿ: ‘ಅನ್‌ನೋನ್ ಆರ್ಟಿಸ್ಟ್’. ಮೊರಾಕ್ಕೊದ ಓಲಗದಂಥದ್ದು, ನೈಜೀರಿಯಾದ ಡ್ರಮ್ಮು, ಎಲ್ಲಿಯದೋ ತಂತಿವಾದ್ಯ – ಎಲ್ಲ ಒಟ್ಟಿಗೆ, ಸಂತೆ ಮುಗಿದ ಮೇಲೆ ಉಳಿದ ತರಕಾರಿ ಥರ. ನಾನು ಹೆಚ್ಚು ಕೇಳಿದ್ದು ಆ ಫೋಲ್ಡರನ್ನೇ.

ಅದಕ್ಕೆ ಕಾರಣ ಇದೆ. ಪಿಂಕ್ ಫ್ಲಾಯ್ಡ್‌ನವರ 1973ರ ‘ಮನಿ’ ಹಾಡು ಏಳು ಮಾತ್ರೆಯಲ್ಲಿ ನಡೆಯುತ್ತೆ ಅಂತ ನಮ್ಮ ಹಾಸ್ಟೆಲ್ಲಿನ ಗಿಟಾರಿಸ್ಟುಗಳು ದೇವರನ್ನು ಕಂಡವರ ಹಾಗೆ ಮಾತಾಡ್ತಿದ್ದರು. ಎಣಿಸೋಕೆ ಬೆರಳು ಮಡಚ್ತಿದ್ದರು. ಯಕ್ಷಗಾನ ನೋಡುತ್ತಾ ಅಜ್ಜನ ಕಂಬಳಿಯಲ್ಲಿ ನಿದ್ದೆ ಹೋದವನಿಗೆ ಏಳು ಅಂದ್ರೆ ತ್ರಿವುಡೆ, ಹತ್ತು ಅಂದ್ರೆ ಝಂಪೆ. ನಿದ್ದೆಗಣ್ಣಿನಲ್ಲೂ ತಪ್ಪೋದಿಲ್ಲ. ಶಿರಸಿಯಲ್ಲಿ ಹೋಳಿಯ ಹೊತ್ತಿಗೆ ಬೇಡರ ವೇಷ ಬೀದಿಗಿಳಿಯುವ ರಾತ್ರಿಗಳಲ್ಲಿ ತಮಟೆಯ ಸದ್ದಿಗೆ ಕಿಟಕಿ ಗಾಜು ಅದುರುತ್ತಿದ್ದದ್ದನ್ನು ಕೇಳಿದವನಿಗೆ ಹೆವಿ ಮೆಟಲ್ಲಿನ ‘ಹೆವಿ’ ಕೂಡ ಅಂಥ ದೊಡ್ಡ ವಿಷಯ ಅನ್ನಿಸಲಿಲ್ಲ. ಬಡಾಯಿ ಅಂದ್ಕೋಬೇಡಿ. ನಮ್ಮ ಮೂರು ತಾಲೂಕಿನ ಹುಡುಗರ ಕಿವಿ ತಯಾರಾಗೋದೇ ಚರ್ಮವಾದ್ಯದಿಂದ.

ಇನ್ನೊಂದು ಸಂಗತಿಯನ್ನೂ ಯಕ್ಷಗಾನವೇ ಕಲಿಸಿತು. ಆಟದ ಹ್ಯಾಂಡ್‌ಬಿಲ್ ನೋಡಿದ್ದೀರಲ್ಲ? ಗುಲಾಬಿ ಅಥವಾ ಹಳದಿ ಕಾಗದ, ಮೇಲೆ ಪ್ರಸಂಗದ ಹೆಸರು, ಕೆಳಗೆ ‘ಹಿಮ್ಮೇಳ’ ಅಂತ ಬರೆದು ಭಾಗವತರು ಯಾರು, ಮದ್ದಲೆ ಯಾರದು, ಚಂಡೆ ಯಾರದು ಎಲ್ಲ ಇರುತ್ತೆ. ಆಮೇಲೆ ‘ಮುಮ್ಮೇಳ’. ವೇಷಧಾರಿಗಳ ಹೆಸರಿಗಿಂತ ಮೊದಲು ಚಂಡೆಯವರ ಹೆಸರು! ಆಟದ ಸುದ್ದಿ ಬಂದರೆ ನಮ್ಮಪ್ಪ ಪ್ರಸಂಗ ಯಾವುದು ಅಂತ ಮೊದಲು ಕೇಳೋದಿಲ್ಲ. ‘ಭಾಗ್ವತಿಕೆ ಯಾರ್ದಡ? ಮದ್ಲೆ ಯಾರ್ದಡ?’ ಅಂತ ಕೇಳುತ್ತಾರೆ. ಆ ಉತ್ತರದ ಮೇಲೆ ಹೋಗೋದೋ ಬಿಡೋದೋ ತೀರ್ಮಾನ.

ಆಫೀಸಿನಲ್ಲಿ ರಾಕ್ ಪ್ರಿಯರ ಒಂದು ಗುಂಪಿದೆ. ತಿಂಗಳಿಗೊಮ್ಮೆ ‘ಅಂಡರ್‌ರೇಟೆಡ್ ಆಲ್ಬಮ್ ಯಾವುದು’ ಅನ್ನೋ ಜಗಳ ಗ್ಯಾರಂಟಿ. ಒಬ್ಬ ಗಿಟಾರ್ ಸೋಲೋ ಲೆಕ್ಕ ಹಾಕ್ತಾನೆ, ಇನ್ನೊಬ್ಬ ಎಷ್ಟು ಕಾಪಿ ಮಾರಾಟ ಆಗಿಲ್ಲ ಅನ್ನೋದನ್ನ. ನನ್ನ ಅಳತೆಗೋಲು ನಮ್ಮಪ್ಪನದು. ಹೊರಗಿನ ಸಂಗೀತವನ್ನು ರಾಕ್ ಬ್ಯಾಂಡುಗಳು ಮನೆಗೆ ಕರೆದುಕೊಂಡು ಬಂದ ಆ ಮೊದಲ ಇಪ್ಪತ್ತು ವರ್ಷ, ಅಂದರೆ ಗೂಡಿಗೆ ಬೋರ್ಡು ಬೀಳುವ ಮುಂಚಿನ ಕಾಲದಲ್ಲಿ, ಡ್ರಮ್ಮು ಬಾರಿಸಿದವನ ಹೆಸರು ಕವರಿನ ಮೇಲೆ ಇದೆಯಾ? ಮದ್ಲೆ ಯಾರ್ದಡ?

ಈ ಗೋಲು ಹಿಡಿದು ಬೀಟಲ್ಸ್‌ನಿಂದಲೇ ಶುರು ಮಾಡಿದರೆ ಮಜಾ ಇದೆ. 1965ರ ಕೊನೆಯಲ್ಲಿ ‘ನಾರ್ವೇಜಿಯನ್ ವುಡ್’ನಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ ಕಥೆ ಎಲ್ಲರಿಗೂ ಗೊತ್ತು. ಮರುವರ್ಷದ ‘ರಿವಾಲ್ವರ್’ ಆಲ್ಬಮ್ಮಿನ ‘ಲವ್ ಯೂ ಟು’ ಹಾಡಿಗೆ ತಬಲಾ ನುಡಿಸಿದ್ದು ಅನಿಲ್ ಭಾಗವತ್. ಅವರ ಹೆಸರು ಕವರಿನ ಮೇಲೆ ಅಚ್ಚಾಯಿತು. ಬೀಟಲ್ಸ್ ರೆಕಾರ್ಡಿನಲ್ಲಿ ಹೊರಗಿನ ವಾದಕನ ಹೆಸರು ಬರೋದು ಆಗ ಅಪರೂಪ. ಆದರೆ 1967ರ ‘ಸಾರ್ಜೆಂಟ್ ಪೆಪ್ಪರ್’ನ ‘ವಿದಿನ್ ಯೂ ವಿದೌಟ್ ಯೂ’ಗೆ ಲಂಡನ್ನಿನಲ್ಲಿದ್ದ ನಾಲ್ವರು ಭಾರತೀಯರು ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದರು. ಆ ಆಲ್ಬಮ್ಮಿನ ಕವರ್ ನೆನಪಿದೆಯಲ್ಲ, ಜಾತ್ರೆಯ ಹಾಗೆ ಜಗತ್ತಿನ ಖ್ಯಾತನಾಮರ ಮುಖಗಳೆಲ್ಲ ತುಂಬಿರೋದು? ಅಷ್ಟು ಮುಖಗಳಿಗೆ ಜಾಗ ಇತ್ತು, ಈ ನಾಲ್ಕು ಹೆಸರಿಗೆ ಇರಲಿಲ್ಲ. ಅನ್ನಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ ಕನ್ಸಾರಾ, ನಟವರ್ ಸೋನಿ. ಈ ಹೆಸರುಗಳು ಲೋಕಕ್ಕೆ ಗೊತ್ತಾದದ್ದು ಆಲ್ಬಮ್ಮಿಗೆ ಐವತ್ತು ವರ್ಷ ತುಂಬಿದ 2017ರಲ್ಲಿ. ಐವತ್ತು ವರ್ಷ ಮಾರಾಯ್ರೇ!

ಆಫ್ರಿಕಾದ ಲೆಕ್ಕ ಇನ್ನೂ ಹಳೆಯದು. ನೈಜೀರಿಯಾದಿಂದ ಅಮೆರಿಕಕ್ಕೆ ಓದೋಕೆ ಹೋದ ಬಾಬಾಟುಂಡೆ ಒಲಾಟುಂಜಿ 1960ರಲ್ಲಿ ‘ಡ್ರಮ್ಸ್ ಆಫ್ ಪ್ಯಾಶನ್’ ಅನ್ನೋ ರೆಕಾರ್ಡು ತಂದರು. ಬರೀ ಡ್ರಮ್ಮು, ಬರೀ ಹಾಡು. 1964ರಲ್ಲಿ ಫ್ರಾನ್ಸಿನ ಸೆರ್ಜ್ ಗೇನ್ಸ್‌ಬರ್ಗ್ ‘ಪರ್ಕಷನ್ಸ್’ ಎಂಬ ಆಲ್ಬಮ್ ಮಾಡಿ, ಒಲಾಟುಂಜಿಯ ಹಾಡುಗಳಿಗೆ ಫ್ರೆಂಚ್ ಮಾತು ತೊಡಿಸಿ, ತನ್ನದೇ ರಚನೆ ಅಂತ ಬಿಟ್ಟ. ಒಲಾಟುಂಜಿಯ ಪಾಲು ಒಪ್ಪಿಕೊಂಡಿದ್ದು ದಶಕಗಳು ಕಳೆದ ಮೇಲೆ. ಆಮೇಲೆ 1969ರಲ್ಲಿ ಸಾಂಟಾನಾ ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ ಅದೇ ಒಲಾಟುಂಜಿಯ ‘ಜಿಂಗೋ’ ಎತ್ತಿಕೊಂಡಿತು. ಸಾಂಟಾನಾ ಕೇಳಿದವರು ಲಕ್ಷಗಟ್ಟಲೆ. ಅದರಲ್ಲಿ ಮೂಲದ ರೆಕಾರ್ಡಿನವರೆಗೆ ಹೋದವರು ಎಷ್ಟು? ನನ್ನ ಪಟ್ಟಿಯಲ್ಲಿ ಮೊದಲ ‘ಅಂಡರ್‌ರೇಟೆಡ್ ರಾಕ್ ಆಲ್ಬಮ್’ ಅಂದ್ರೆ ರಾಕ್ ಅಲ್ಲದ ಈ ‘ಡ್ರಮ್ಸ್ ಆಫ್ ಪ್ಯಾಶನ್’ ಅಂತ ಹೇಳಿ ಬೈಸಿಕೊಂಡಿದ್ದೇನೆ.

ಮೊರಾಕ್ಕೊದ ಪ್ರಕರಣ ಸ್ವಲ್ಪ ತೊಡಕಿನದು. ರೋಲಿಂಗ್ ಸ್ಟೋನ್ಸ್‌ನ ಬ್ರಯನ್ ಜೋನ್ಸ್ 1968ರಲ್ಲಿ ಅಲ್ಲಿನ ಬೆಟ್ಟದೂರು ಜೂಜೂಕಾಕ್ಕೆ ಹೋಗಿ, ಊರಿನ ವಾದಕರು ರಾತ್ರಿಯಿಡೀ ಊದಿ ಬಾರಿಸಿದ್ದನ್ನ ಟೇಪಿನಲ್ಲಿ ಹಿಡಿದು ತಂದ. ಲಂಡನ್ನಿನಲ್ಲಿ ಆ ಸದ್ದನ್ನ ತಿರುಗಿಸಿ ಮುರುಗಿಸಿ ಮಾಯಾಲೋಕ ಮಾಡಿದ. 1969ರಲ್ಲಿ ಅವನೇ ತೀರಿಕೊಂಡ. ಆಲ್ಬಮ್ ಹೊರಬಂದದ್ದು 1971ರಲ್ಲಿ. ಹೆಸರೇ ‘ಬ್ರಯನ್ ಜೋನ್ಸ್ ಪ್ರೆಸೆಂಟ್ಸ್...’ ಅಂತ ಶುರುವಾಗುತ್ತೆ. ಕವರಿನ ಚಿತ್ರದಲ್ಲೂ ವಾದಕರ ನಡುವೆ ಅವನೇ. ಊದಿದವರು ಒಂದು ಊರಿನ ಹೆಸರಾಗಿ ಉಳಿದರು. ಆದರೂ ಹೇಳ್ತೀನಿ, ಕತ್ತಲಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಮೈ ಜುಂ ಅನ್ನೋ ರೆಕಾರ್ಡು ಅದು. ದೇವಸ್ಥಾನದ ಪಂಚವಾದ್ಯ ದೂರದ ತೋಟದಾಚೆಯಿಂದ ಗಾಳಿಯಲ್ಲಿ ಬಂದು ಹೋಗುವ ಹಾಗೆ.

ಈಗ ನಮ್ಮ ರಾಜ್ಯದ ಕಡೆ ಬರೋಣ. ಇದೇ ಹೊತ್ತಿಗೆ ಇಲ್ಲಿನ ಹುಡುಗರು ಏನು ಮಾಡ್ತಿದ್ದರು ಅಂತ ನೋಡಿದರೆ ನಗು ಬರುತ್ತೆ. ಅಲ್ಲಿಯವರು ಸಿತಾರ್ ಹುಡುಕಿಕೊಂಡು ಬರ್ತಿದ್ದರೆ ಇಲ್ಲಿಯವರು ಎಲೆಕ್ಟ್ರಿಕ್ ಗಿಟಾರ್ ಹುಡುಕಿಕೊಂಡು ಹೋಗ್ತಿದ್ದರು. ಸಿಗರೇಟ್ ಕಂಪನಿಯೊಂದರ ‘ಸಿಮ್ಲಾ ಬೀಟ್’ ಸ್ಪರ್ಧೆಯಿಂದ 1970 ಮತ್ತು 71ರಲ್ಲಿ ಬಂದ ಎರಡು ಎಲ್‌ಪಿಗಳನ್ನು ಕೇಳಿ, ಅಪ್ಪಟ ಇಂಗ್ಲಿಷ್ ರಾಕ್. ದಕ್ಷಿಣದಲ್ಲಿ ಆಗ ಹೆಸರು ಮಾಡಿದ್ದ ಬ್ಯಾಂಡುಗಳಲ್ಲಿ ಒಂದು ‘ಹ್ಯೂಮನ್ ಬಾಂಡೇಜ್’. ಅದರ ಡ್ರಮ್ಮರ್ ರಮೇಶ್ ಶೋತಮ್. ಈ ರಮೇಶ್ ಒಂದು ದಿನ ರಾಕ್ ಡ್ರಮ್ ಸೆಟ್ಟು ಬಿಟ್ಟೆದ್ದು ತವಿಲ್ ಕಲಿಯೋಕೆ ಬಂದು ಸೇರಿದ್ದು ಬೆಂಗಳೂರಿನ ಒಂದು ಶಾಲೆಗೆ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

1964ರಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಕಟ್ಟಿದ ಶಾಲೆ ಅದು. ಅವರ ಪತ್ನಿ ಆರ್.ಎ. ರಮಾಮಣಿ, ಕರ್ನಾಟಕ ಸಂಗೀತದ ಗಾಯಕಿ. ಕೊನ್ನಕ್ಕೋಲ್ ಹೇಳೋದರಲ್ಲಿ, ಅಂದರೆ ಮೃದಂಗದ ಜತಿಗಳನ್ನು ಬಾಯಲ್ಲೇ ನುಡಿಯೋದರಲ್ಲಿ, ಅವರದು ಎತ್ತಿದ ಕೈ. ಗಂಡಸರ ಕೋಟೆ ಅಂತ ಎಲ್ಲರೂ ಅಂದುಕೊಂಡಿದ್ದ ವಿದ್ಯೆ ಅದು. ಇನ್ನೊಂದು ತುದಿಯಲ್ಲಿ, ಜರ್ಮನಿಯ ಮ್ಯೂನಿಕ್ಕಿನಲ್ಲಿ, 1969ರಲ್ಲಿ ಕ್ರಿಶ್ಚಿಯನ್ ಬುರ್ಕಾರ್ಡ್ ಮತ್ತು ಸ್ನೇಹಿತರು ಕಟ್ಟಿದ ರಾಕ್ ಬ್ಯಾಂಡು ಎಂಬ್ರಿಯೊ. ಜರ್ಮನಿಯ ಆ ಕಾಲದ ರಾಕ್ ಅಂದ ಕೂಡಲೇ ‘ಕ್ಯಾನ್’, ‘ಕ್ರಾಫ್ಟ್‌ವೆರ್ಕ್’ ಅಂತ ಹೇಳುವವರು ಸಿಗ್ತಾರೆ, ಎಂಬ್ರಿಯೊ ಅನ್ನುವವರು ಕಮ್ಮಿ.

1978ರಲ್ಲಿ ಈ ಎಂಬ್ರಿಯೊದವರು ಬಸ್ಸು ಹತ್ತಿ ಭಾರತಕ್ಕೆ ಹೊರಟರು. ಹಿಪ್ಪಿಗಳು ಗೋವಾಕ್ಕೆ, ನಮ್ಮ ಗೋಕರ್ಣಕ್ಕೆ ಬರ್ತಿದ್ದ ಅದೇ ನೆಲದ ದಾರಿ. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ. ಇವರು ಬಂದದ್ದು ಮಾತ್ರ ಸುಮ್ಮನೆ ಮಲಗೋಕಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿನ ವಾದಕರ ಜೊತೆ ಕೂತು ನುಡಿಸಿದರು, ಕಲಿತರು, ರೆಕಾರ್ಡ್ ಮಾಡಿದರು. ಕಾಬೂಲಿನಲ್ಲಿ ಅಫ್ಘನ್ ಕಲಾವಿದರ ಜೊತೆ ನುಡಿಸಿದ್ದಕ್ಕೆ ಈಗ ಕೇಳಿದರೆ ಬೇರೆಯದೇ ತೂಕ. ಯಾಕಂದ್ರೆ 1979ರ ಆರಂಭದಲ್ಲಿ ಇರಾನಿನಲ್ಲಿ ಕ್ರಾಂತಿ ಆಯ್ತು, ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ದಾರಿಯೇ ಮುಚ್ಚಿಹೋಯ್ತು. ಆ ಪಯಣದಿಂದ ಹುಟ್ಟಿದ್ದು 1979ರ ಜೋಡಿ ಆಲ್ಬಮ್ ‘ಎಂಬ್ರಿಯೋಸ್ ರೈಸ’, ಅಂದ್ರೆ ಎಂಬ್ರಿಯೊದ ಪ್ರಯಾಣ. ಸಿನಿಮಾ ಕೂಡ ಬಂತು, ‘ವಾಗಬುಂಡೆನ್ ಕರವಾನೆ’ ಅಂತ.

ಮರುವರ್ಷ, 1980ರಲ್ಲಿ, ನಾನು ಹೇಳಬೇಕು ಅಂತಿದ್ದ ರೆಕಾರ್ಡು ಬಂತು. ‘ಲೈಫ್’. ಕವರಿನ ಮೇಲೆ ಎಂಬ್ರಿಯೊ ಹೆಸರಿನ ಜೊತೆಗೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹೆಸರು. ಅತಿಥಿ, ಸಹಾಯ, ಕೃತಜ್ಞತೆ ಅಂತೆಲ್ಲ ಅಲ್ಲ, ಜೊತೆಗೆ. ಇಬ್ಬರನ್ನೂ ಬಲ್ಲ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಡುವೆ ಇದ್ದರು. ಈ ಮರಿಯಾನೊ ಭಾರತಕ್ಕೆ ಬಂದು ನಾಗಸ್ವರ ಕಲಿತ ಮನುಷ್ಯ. ರೆಕಾರ್ಡು ಹೊರತಂದ ಕಂಪನಿ ‘ಷ್ನೀಬಾಲ್’ ಯಾವ ಸಾಹುಕಾರನದೂ ಅಲ್ಲ, ಎಂಬ್ರಿಯೊ ಸೇರಿದಂತೆ ಕೆಲವು ಬ್ಯಾಂಡುಗಳು ತಾವೇ ಸೇರಿ ಮಾಡಿಕೊಂಡದ್ದು. ನಮ್ಮ ಕಡೆ ಅಡಿಕೆ ಬೆಳೆಗಾರರು ಸೊಸೈಟಿ ಮಾಡಿಕೊಂಡ ಹಾಗೆ ಅಂದುಕೊಳ್ಳಿ. ಹೆಸರು ಹಂಚೋದರಲ್ಲಿ ಅವರಿಗೆ ಕಷ್ಟವಾಗದೇ ಇದ್ದದ್ದಕ್ಕೂ ಈ ವ್ಯವಸ್ಥೆಗೂ ಸಂಬಂಧ ಇದೆ ಅಂತಲೇ ನನ್ನ ಅನುಮಾನ.

ಕೇಳಿದರೆ ಹೇಗಿದೆ? ರಾಕ್ ಕಿವಿಗೆ ಮೊದಲು ಸ್ವಲ್ಪ ಗಲಿಬಿಲಿ. ಗಿಟಾರ್ ಮುಂದೆ, ತಬಲಾ ಒಗ್ಗರಣೆಗೆ ಅನ್ನೋ ಸೂತ್ರ ಇಲ್ಲಿಲ್ಲ. ಲೆಕ್ಕ ಮೃದಂಗದ್ದು, ರಾಕ್ ಅದಕ್ಕೆ ಹೊಂದಿಕೊಳ್ಳುತ್ತೆ. ಮೂರು ವರ್ಷದ ನಂತರ, 1983ರಲ್ಲಿ, ಮರಿಯಾನೊ ಇದೇ ಕಾಲೇಜಿನವರ ಜೊತೆ ಜರ್ಮನಿಯ ಇಸಿಎಂ ಕಂಪನಿಗೆ ‘ಜ್ಯೋತಿ’ ಅನ್ನೋ ಆಲ್ಬಮ್ ರೆಕಾರ್ಡ್ ಮಾಡಿದರು. ರಮಾಮಣಿ, ಮಣಿ, ಘಟಕ್ಕೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್ – ಎಲ್ಲರ ಹೆಸರೂ ಇದೆ. ಅದನ್ನು ಜಾಝ್ ಗೂಡಿನಲ್ಲಿ ಇಟ್ಟಿದ್ದಾರೆ, ಇರಲಿ. ದೀಪಾವಳಿಗೆ ಊರಿಗೆ ಹೋದಾಗ ಜಗುಲಿಯಲ್ಲಿ ಸ್ಪೀಕರಿಗೆ ಹಾಕಿದ್ದೆ. ಅಪ್ಪ ಅಡಿಕೆ ಆರಿಸ್ತಾ ಕೂತವರು ತಲೆ ಎತ್ತಲಿಲ್ಲ. ಐದು ನಿಮಿಷ ಆದ ಮೇಲೆ ‘ಮೃದಂಗ ಯಾರ್ದಾ ತಮಾ?’ ಅಂದರು. ಹೇಳಿದೆ. ‘ಯಮ್ಮ ಬೆಂಗ್ಳೂರವ್ರನಾ?’ ಹೌದು ಅಂದೆ. ‘ಮತ್ತೆ ಇಷ್ಟು ವರ್ಷ ಕೇಳಿದ್ದೇ ಇಲ್ಯಲಾ’ ಅಂದು ಇನ್ನೊಂದು ಹಿಡಿ ಅಡಿಕೆ ತಗೊಂಡರು.

ಬೆಂಗಳೂರಿಗೆ ಇಷ್ಟಾದರೂ ಸಿಕ್ಕಿತು. ನಮ್ಮ ಘಟ್ಟಕ್ಕೆ?

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗೋ ರಸ್ತೆಯಲ್ಲಿ ಮಂಚಿಕೇರಿ ಸಿಗುತ್ತೆ. ಆ ಸೀಮೆಯ ಕಾಡಂಚಿನ ಊರುಗಳಲ್ಲಿ, ಆಚೆ ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆಗೂ, ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಹದಿನಾರನೇ ಶತಮಾನದಿಂದ ಆಫ್ರಿಕಾದ ಪೂರ್ವ ಕರಾವಳಿಯಿಂದ, ಮೊಜಾಂಬಿಕ್ ಕಡೆಯಿಂದ, ಗೋವಾಕ್ಕೆ ಗುಲಾಮರನ್ನಾಗಿ ತಂದ ಜನರ ಸಂತತಿ. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ. ನಮ್ಮ ಅಡಿಕೆ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದರು, ಎಷ್ಟೋ ಕಡೆ ಸಾಲಕ್ಕೆ ಜೀತವಾಗಿ. ತೋಟದ ಮನೆಯವರಾದ ನಾವು ಆ ಮಾತನ್ನು ಬೇಗ ದಾಟಿಸಿಬಿಡುತ್ತೇವೆ.

ಅವರ ವಾದ್ಯ ಡಮಾಮಿ. ಟೊಳ್ಳು ಮಾಡಿದ ಮರಕ್ಕೆ ಎರಡೂ ಕಡೆ ಚರ್ಮ ಬಿಗಿದದ್ದು. ಮದುವೆಗೆ, ಹಬ್ಬಕ್ಕೆ, ಹಿರಿಯರ ಪೂಜೆಗೆ ಬಾರಿಸುತ್ತಾರೆ. ಅದರ ಹೆಸರೇ ಒಂದು ನಕ್ಷೆ. ‘ದಮಾಮಾ’ ಅಂದ್ರೆ ಪರ್ಷಿಯನ್‌ನಲ್ಲಿ ನಗಾರಿ. ಮೊಘಲರ ನೌಬತ್‌ಖಾನೆಯಲ್ಲೂ ಈ ಹೆಸರಿನ ವಾದ್ಯ ಇತ್ತು. ಗುಜರಾತಿನ ಸಿದ್ದಿಗಳು ತಮ್ಮ ಕುಣಿತಕ್ಕೆ ‘ಗೋಮಾ’ ಅನ್ನುತ್ತಾರೆ. ಅದು ಆಫ್ರಿಕಾದ ಬಂಟು ಭಾಷೆಗಳ ‘ಙೋಮಾ’, ಅಂದ್ರೆ ಡ್ರಮ್ಮು. ಆಫ್ರಿಕಾದ ಕೈ, ಪರ್ಷಿಯಾದ ಹೆಸರು, ಕೊಂಕಣಿಯ ಹಾಡು, ಯಲ್ಲಾಪುರದ ಮರ. ಲಂಡನ್ನಿನ ಪಬ್ಬಿನವರು ಗೂಡು ಮಾಡೋಕೆ ನಾನೂರು ವರ್ಷ ಮೊದಲೇ ಈ ಸಂಗೀತದ ದಾರಿ ಶುರುವಾಗಿತ್ತು. ಬ್ರಯನ್ ಜೋನ್ಸ್‌ಗೆ ಮೊರಾಕ್ಕೊ ಸಿಕ್ಕಿತು, ಗಿಂಜರ್ ಬೇಕರ್ 1971ರಲ್ಲಿ ಸಹಾರಾ ಮರುಭೂಮಿಯನ್ನೇ ದಾಟಿ ಗಾಡಿ ಓಡಿಸಿಕೊಂಡು ಲಾಗೋಸಿಗೆ ಹೋದ. ಗೋಕರ್ಣದ ಮರಳಲ್ಲಿ ಗಿಟಾರ್ ಹಿಡಿದು ಕೂತ ಯಾವ ಹಿಪ್ಪಿಯೂ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬಂದು ಒಂದು ಆಲ್ಬಮ್ ಮಾಡಲಿಲ್ಲ. ಮಾಡಿದ್ದರೆ ಕವರಿನ ಮೇಲೆ ಯಾರ ಮುಖ ಇರುತ್ತಿತ್ತು ಅಂತ ಯೋಚಿಸಿದರೆ, ಬರದೇ ಇದ್ದದ್ದೇ ಒಳ್ಳೇದಾಯ್ತೇನೋ ಅಂತಲೂ ಅನ್ನಿಸುತ್ತೆ.

ಇನ್ನೊಂದು ವಿಚಿತ್ರ ನೋಡಿ. ಲಂಡನ್ನಿನಲ್ಲಿ ಬೋರ್ಡು ಬರೆಸಿದ ಅದೇ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಶುರುಮಾಡಿದ ಯೋಜನೆಯಡಿ ಸಿದ್ದಿ ಹುಡುಗ ಹುಡುಗಿಯರನ್ನು ಓಟಕ್ಕೆ ಅಂತ ಆರಿಸಿಕೊಂಡು ಹೋದರು. ಆಫ್ರಿಕಾ ಮೂಲದವರಲ್ಲವೇ, ಒಲಿಂಪಿಕ್ಸ್ ಪದಕ ತರ್ತಾರೆ ಅನ್ನೋ ಲೆಕ್ಕ. ಕೆಲವು ವರ್ಷಕ್ಕೆ ಅದೂ ನಿಂತಿತು. ದಿಲ್ಲಿಗೆ ಸಿದ್ದಿಗಳ ಕಾಲು ಕಂಡಿತು, ಕೈ ಕಾಣಲಿಲ್ಲ.

ಕಂಡವರೂ ಇದ್ದರು ಅನ್ನಿ. ಸಿದ್ದಾಪುರದ ಗಡಿ ದಾಟಿದರೆ ಸಾಗರದ ಹೆಗ್ಗೋಡು, ಕೆ.ವಿ. ಸುಬ್ಬಣ್ಣನವರ ನೀನಾಸಂ. 1980ರ ದಶಕದಲ್ಲಿ ಅಲ್ಲಿನ ನಿರ್ದೇಶಕ ಚಿದಂಬರರಾವ್ ಜಂಬೆ ಯಲ್ಲಾಪುರ ಸೀಮೆಯ ಸಿದ್ದಿಗಳ ಜೊತೆ ನಾಟಕ ಮಾಡಿದರು. ಯಾವ ನಾಟಕ? ನೈಜೀರಿಯಾದ ಚಿನುವ ಅಚಿಬೆ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪ. ಇದನ್ನ ಸುಮಾರು ಅದೇ ಕಾಲದ ಇನ್ನೊಂದು ಘಟನೆಯ ಪಕ್ಕ ಇಟ್ಟು ನೋಡಿ. 1981ರಲ್ಲಿ ಬ್ರಯನ್ ಈನೊ ಮತ್ತು ಡೇವಿಡ್ ಬರ್ನ್ ‘ಮೈ ಲೈಫ್ ಇನ್ ದ ಬುಷ್ ಆಫ್ ಘೋಸ್ಟ್ಸ್’ ಎಂಬ ಆಲ್ಬಮ್ ತಂದರು. ರೇಡಿಯೋದಿಂದ, ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ದನಿಗಳನ್ನು ಆಫ್ರಿಕನ್ ಲಯಕ್ಕೆ ಜೋಡಿಸಿದ್ದು. ಇವತ್ತಿಗೂ ಅದನ್ನ ಮೈಲಿಗಲ್ಲು ಅಂತಾರೆ, ನನಗೂ ಇಷ್ಟ. ಅದರ ಹೆಸರು ನೈಜೀರಿಯಾದ ಇನ್ನೊಬ್ಬ ಲೇಖಕ ಆಮೋಸ್ ಟುಟುವೋಲನ ಕಾದಂಬರಿಯಿಂದ ಎತ್ತಿದ್ದು. ಹೆಸರು ಇಟ್ಟಾಗ ಇಬ್ಬರೂ ಆ ಪುಸ್ತಕ ಓದಿರಲಿಲ್ಲ. ಅಲ್ಲಿ ಓದದ ಕಾದಂಬರಿಯ ಹೆಸರು ಕವರಿಗೆ ಬಂತು. ಇಲ್ಲಿ, ಆಫ್ರಿಕಾವನ್ನು ಎಂದೂ ನೋಡಿರದ ಆಫ್ರಿಕಾದ ಮಕ್ಕಳು ನೈಜೀರಿಯಾದ ಕಥೆಯನ್ನು ಕನ್ನಡದಲ್ಲಿ ಆಡಿ ತೋರಿಸಿದರು. ಯಾವುದನ್ನು ‘ವರ್ಲ್ಡ್’ ಅನ್ನಬೇಕು?

ಆ ದಾರಿಯಲ್ಲೇ ಮುಂದೆ ನೀನಾಸಂನಿಂದ ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಅಂಥವರು ರಂಗಭೂಮಿಗೆ, ಸಿನಿಮಾಕ್ಕೆ ಬಂದರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಟನಿಗೆ ಹೆಸರು ಬಂತು, ನಾಯಕನಿಗೆ ಹೆಸರು ಬಂತು. ಡಮಾಮಿ ಬಾರಿಸುವವರು ಮಾತ್ರ ಇನ್ನೂ ‘ಸಿದ್ದಿ ತಂಡ’.

ಕನ್ನಡದ ಹಾಡುಗಾರರು ಈ ಸಮಸ್ಯೆಗೆ ಹಳೆಯ ಕಾಲದಲ್ಲೇ ಒಂದು ಉಪಾಯ ಮಾಡಿದ್ದರು. ಅಂಕಿತ. ಕವರ್ ಹರಿದರೂ ಹಾಡಿನ ಒಳಗೇ ಗುರುತು ಇರುತ್ತೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಹಾಡನ್ನ ಗಿಟಾರಿಗೆ ಹಾಕಿ ಇಂಗ್ಲೆಂಡಿನವರೆಗೆ ಒಯ್ದಾಗಲೂ ಹಾಡು ಯಾರದ್ದು ಅಂತ ಯಾರೂ ಕೇಳಬೇಕಾಗಲಿಲ್ಲ. ಬಡಿತಕ್ಕೆ ಅಂಕಿತ ಹಾಕೋದು ಹೇಗೆ? ಕಾನೂನಿಗೂ ಅದು ಸುಲಭವಲ್ಲ. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಗಿ ಕಲಾವಿದರ ಹಕ್ಕು ಗಟ್ಟಿಯಾಯ್ತು ನಿಜ. ಆದರೆ ಹಕ್ಕು ಕೇಳೋಕೆ ಮೊದಲು ಎಲ್ಲೋ ಒಂದು ಕಡೆ ಹೆಸರು ಬರೆದಿರಬೇಕಲ್ಲ.

ಹೋದ ಸಲ ನಮ್ಮ ಕಡೆಯ ಒಂದು ಉತ್ಸವಕ್ಕೆ ಹೋಗಿದ್ದೆ. ಕಾರ್ಯಕ್ರಮ ಪಟ್ಟಿಯಲ್ಲಿ ಯಕ್ಷಗಾನದ ಹಿಮ್ಮೇಳದವರ ಹೆಸರು ಪೂರ್ತಿ ಇತ್ತು, ಬೆಂಗಳೂರಿನಿಂದ ಬಂದ ಫ್ಯೂಷನ್ ಬ್ಯಾಂಡಿನ ಸೌಂಡ್ ಇಂಜಿನಿಯರನ ಹೆಸರೂ ಇತ್ತು. ನಡುವೆ ಒಂದು ಸಾಲು, ‘ಸಿದ್ದಿ ಡಮಾಮಿ ನೃತ್ಯ – 10 ನಿಮಿಷ’. ಫ್ಯೂಷನ್‌ನವರ ಡ್ರಮ್ಮರ್ ಸೈಡಿನಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡ್ತಿದ್ದ. ಹತ್ತು ನಿಮಿಷಕ್ಕೆ ಸರಿಯಾಗಿ ನಿರೂಪಕ ಮೈಕಿನಲ್ಲಿ ಧನ್ಯವಾದ ಹೇಳಿ ನಿಲ್ಲಿಸಿದ. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಸ್ಟೇಜಿನ ಹಿಂದೆ ಚಾ ಕುಡೀತಿದ್ದವರ ಹತ್ತಿರ ಹೋಗಿ ಒಬ್ಬೊಬ್ಬರ ಹೆಸರೂ ಕೇಳಿ ಬರೆದುಕೊಂಡೆ, ಏಳು ಜನ. ಇದನ್ನ ನೆಟ್ಟಿಗೆ ಹಾಕ್ತೀನಿ, ಕೆಳಗೆ ನಿಮ್ಮ ಹೆಸರು ಹಾಕಬಹುದಾ ಅಂತ ಕೇಳಿದೆ. ಡಮಾಮಿ ಹಿಡಿದಿದ್ದ ಹಿರಿಯರು ಲೋಟ ಕೆಳಗಿಟ್ಟರು.

‘ಮೊದ್ಲು ಕೇಳಿಸ್ರಿ.’

ಕೇಳಿಸಿದೆ. ಸ್ಟೇಜಿನ ಹಿಂದಿದ್ದ ಜನರೇಟರಿನ ಸದ್ದು ಡಮಾಮಿಯನ್ನು ಅರ್ಧ ನುಂಗಿಹಾಕಿತ್ತು. ಅವರು ಮೊಬೈಲನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿ ವಾಪಸ್ ಕೊಟ್ಟರು.

‘ಇದಕ್ಕೆ ಬ್ಯಾಡ್ರಿ ನಮ್ಮ ಹೆಸ್ರು. ಬೆಳ್ಳಂಬೆಳಗಾ ಬಾರ್ಸ್ತೇವು ನಮ್ಮೂರಾಗೆ, ಅಲ್ಲಿಗೆ ಬರ್ರಿ. ಚಲೋ ಬಂದ್ರೆ ಹಾಕ್ರಿ.’

ಮದುವೆ ಇರೋದು ಏಪ್ರಿಲ್‌ನಲ್ಲಿ. ಒಂದು ಒಳ್ಳೆಯ ರೆಕಾರ್ಡರಿಗೆ, ಎರಡು ಮೈಕಿಗೆ ಆರ್ಡರ್ ಹಾಕಿದ್ದೇನೆ. ರಜೆಗೂ ಅರ್ಜಿ ಕೊಟ್ಟಾಗಿದೆ.